ಕಾಣದುದೆಲ್ಲ ಕಳೆದುದಲ್ಲ

ಕಳೆದ ಸಂಚಿಕೆಯಲ್ಲಿ ಹಳೆಯ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿಕೊಳ್ಳುವ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆನು. ಅದನ್ನು ಬರೆದು ಕಳುಹಿಸಿದ ಹದಿನೈದು ದಿನಗಳೊಳಗಾಗಿ ನನ್ನ ಮನೆಯಲ್ಲಿಯೇ ಒಂದು ಭಂಡಾರವು ಕಣ್ಮರೆಯಾಯಿತು. ಅದು ಪುಸ್ತಕಗಳ ಭಂಡಾರವಲ್ಲ, ಸಂಗೀತದ ಭಂಡಾರ. ಗೆದ್ದಲು ತಿಂದು ಹೋದುದೂ ಅಲ್ಲ; ಫೋನಿನ ಸಾಫ್ಟ್‌ವೇರು ಅಪ್‌ಡೇಟಾದ ಮರುದಿನ ಬೆಳಗ್ಗೆ ಕಾಣದೆ ಹೋದುದು. ಇಂಥ ಸಂಕಟವು ಈಗ ಯಾವ ಗೃಹಸ್ಥನಿಗಾದರೂ ಬರಬಹುದಾದುದರಿಂದ, ನಡೆದುದನ್ನು ನಡೆದಂತೆಯೇ ವಾಚಕರ ಮುಂದಿಡುತ್ತೇನೆ. ಇದರಲ್ಲಿ ನನ್ನ ಅವಿವೇಕದ ಪಾಲೂ ಇರುವುದು. ಅದನ್ನು ಮರೆಮಾಚಿ ಬರೆದರೆ ಯಾರಿಗೂ ಪ್ರಯೋಜನವಾಗದು.

ತ್ಯಾಗರಾಜನಗರದಲ್ಲಿ ನಾವಿರುವ ಬೀದಿಯಲ್ಲಿ ಬೆಳಗಿನ ಹೊತ್ತು ಒಂದಲ್ಲ ಒಂದು ಮನೆಯಿಂದ ಹಾಡು ಕೇಳಿಬರುವುದು ವಾಡಿಕೆ. ಅದು ಬಡಾವಣೆಯ ಹೆಸರಿನ ಗುಣವೆಂದು ನೆರೆಹೊರೆಯವರು ವಿನೋದವಾಗಿ ಹೇಳಿಕೊಳ್ಳುವುದುಂಟು. 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜವು ನಮಗೆ ಬಹು ದೂರವೇನೂ ಅಲ್ಲ. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಕಚೇರಿಗಳಿಗೆ ನಾನು ಚಿಕ್ಕಂದಿನಲ್ಲಿ ತಂದೆಯವರ ಕೈ ಹಿಡಿದುಕೊಂಡು ಹೋಗುತ್ತಿದ್ದೆನು. ಹೀಗೆ ಬೆಳೆದವನಿಗೆ ಸಂಗೀತವನ್ನು ಕೂಡಿಡುವ ಚಪಲವು ಅಂಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಮೊದಲು ಕ್ಯಾಸೆಟ್ಟುಗಳು, ತರುವಾಯ ಸಿ.ಡಿ.ಗಳು, ಅನಂತರ ಕಂಪ್ಯೂಟರು, ಕಡೆಗೆ ಫೋನು. ಬಾಡಿಗೆಯ ಮನೆ ಬದಲಾಯಿಸುವವನು ಸಾಮಾನು ಸಾಗಿಸುವಂತೆ ಸಾಗಿಸುತ್ತ ಬಂದ ಹಾಡುಗಳು 1,200ಕ್ಕೂ ಮೇಲ್ಪಟ್ಟು ಫೋನಿನ ಮೆಮೊರಿ ಕಾರ್ಡಿನಲ್ಲಿ ಸೇರಿದ್ದುವು.

ಇವೆಲ್ಲವೂ ಹೋದರೂ ಹಣ ಕೊಟ್ಟೋ ಸ್ನೇಹಿತರನ್ನು ಬೇಡಿಯೋ ಮತ್ತೆ ಪಡೆಯಬಹುದು. ಆದರೆ ಅದೇ ಫೋನಿನಲ್ಲಿ ಲೋಕದಲ್ಲಿ ಬೇರೆಲ್ಲಿಯೂ ಸಿಕ್ಕದ 42 ಹಾಡುಗಳಿದ್ದುವು. ಅವು ನಮ್ಮ ತಾಯಿಯವರು ಹಾಡಿದುವು. ತೀರ್ಥಹಳ್ಳಿಯ ಕಡೆಯ ತವರಿನಲ್ಲಿ ಕಲಿತು ಬಂದ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ತೊಟ್ಟಿಲು ತೂಗುವ ಹಾಡು, ಇವು ಅವರ ಬಾಯಲ್ಲಿದ್ದುವೇ ಹೊರತು ಯಾವ ಪುಸ್ತಕದಲ್ಲಿಯೂ ನಾನು ಕಂಡುದಿಲ್ಲ. ಅವರಿಗೆ ಎಂಬತ್ತೆರಡು ವರ್ಷ ತುಂಬಿದ ಮೇಲೆ, ಎರಡು ಚಳಿಗಾಲಗಳ ಭಾನುವಾರಗಳಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುವಾಗ ಒಂದೊಂದಾಗಿ ಹಾಡಿಸಿ ಫೋನಿನಲ್ಲಿ ಹಿಡಿದೆನು. ಹಾಡಿನ ನಡುವೆ ಕಾಯಿ ಬಿಡಿಸುವ ಸದ್ದು, ಕುಕ್ಕರಿನ ಕೂಗು, “ಇದೆಲ್ಲ ಯಾತಕ್ಕೋ ನಿನಗೆ?” ಎಂಬ ಅವರ ಮಾತು, ಎಲ್ಲವೂ ಅದರಲ್ಲಿ ಬಂದಿದ್ದುವು. ಅವರು ತೀರಿಕೊಂಡು ಮೂರು ವರ್ಷಗಳಾದುವು.

ಇನ್ನು ಆ ಬೆಳಗಿನ ಸಂಗತಿ. ರಾತ್ರಿ ಅಪ್‌ಡೇಟು ಮುಗಿದಿದ್ದಿತು. ಎದ್ದು ನೋಡುವಲ್ಲಿ ಫೋನಿನ ಅಕ್ಷರಗಳ ಆಕಾರವೂ ಗುಂಡಿಗಳ ಬಣ್ಣವೂ ಬೇರೆಯಾಗಿದ್ದುವು. ಪ್ರತಿದಿನದ ರೂಢಿಯಂತೆ ಹಾಡಿನ ಆಪನ್ನು ತೆರೆದೆನು. ಏನೋ ಒಂದು ಪ್ರಶ್ನೆಯು ಪರದೆಯ ಮೇಲೆ ಬಂದಿತು. ನನ್ನ ಕನ್ನಡಕವು ದೇವರ ಮನೆಯಲ್ಲಿದ್ದಿತು. ಯಾವುದೋ ಜಾಹೀರಾತು ಇರಬೇಕೆಂದು ಭಾವಿಸಿ, ಬೇಡವೆಂಬ ಅರ್ಥದ ಗುಂಡಿಯನ್ನು ಒತ್ತಿದೆನು. ಒಡನೆಯೇ ಹಾಡುಗಳ ಪಟ್ಟಿಯಿರುತ್ತಿದ್ದ ಸ್ಥಳವು ಬರೆಯದ ಹಾಳೆಯಂತೆ ನಿಂತಿತು. ಹಾಡುಗಳಿಲ್ಲವೆಂಬ ಒಂದೇ ಒಂದು ಸಾಲು ಮಾತ್ರ ಕಾಣಿಸಿತು.

ಮನುಷ್ಯನಿಗೆ ಗಾಬರಿಯಾದಾಗ ಸುಮ್ಮನಿರುವುದಕ್ಕಿಂತ ಕಷ್ಟವಾದ ಕೆಲಸ ಮತ್ತೊಂದಿಲ್ಲ. ವಾಯುವಿಹಾರಕ್ಕೆ ಹೋದಾಗ ಸ್ನೇಹಿತರೊಬ್ಬರು, ಆಪನ್ನು ತೆಗೆದುಹಾಕಿ ಮತ್ತೆ ಹಾಕಿಕೊಂಡರೆ ಎಲ್ಲವೂ ಸರಿಹೋಗುವುದೆಂದರು. ಮನೆಗೆ ಬಂದವನೇ ಹಾಡಿನ ಆಪನ್ನು ತೆಗೆದುಹಾಕಿದೆನು. ಅಷ್ಟಕ್ಕೇ ನಿಲ್ಲಲಿಲ್ಲ. ತಾಯಿಯವರ ಕೆಲವು ಹಾಡುಗಳನ್ನು ಹಿಡಿಯಲು ಉಪಯೋಗಿಸಿದ್ದ ಮತ್ತೊಂದು ಧ್ವನಿಗ್ರಹಣದ ಆಪು ಇದ್ದಿತು, ಅದನ್ನೂ ತೆಗೆದುಹಾಕಿದೆನು. ಎಚ್ಚರಿಕೆಯ ಮಾತೇನಾದರೂ ಪರದೆಯ ಮೇಲೆ ಬಂದಿತೋ ಏನೋ, ನಾನು ಓದಲಿಲ್ಲ. ಎರಡನ್ನೂ ಮತ್ತೆ ಹಾಕಿಕೊಂಡರೂ ಹಾಡುಗಳು ಬರಲಿಲ್ಲ. ಹೊಸ ಆಪು ಮತ್ತೆ ಅದೇ ಪ್ರಶ್ನೆಯನ್ನು ಕೇಳಿತು. ನಾನು ಮತ್ತೆ ಬೇಡವೆಂದೇ ಉತ್ತರ ಕೊಟ್ಟೆನು. ಆ ಮೇಲೆ ಅಂಗಡಿಯೊಂದಕ್ಕೆ ಫೋನು ಮಾಡಿ ವಿಚಾರಿಸಲಾಗಿ, ಅಲ್ಲಿಯ ಹುಡುಗನು, “ತನ್ನಿ ಸಾರ್, ಫುಲ್ ರೀಸೆಟ್ ಮಾಡಿಬಿಡೋಣ, ಹತ್ತು ನಿಮಿಷದ ಕೆಲಸ” ಎಂದನು.

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ನನ್ನ ಮನೆಯವರು ಬಾಗಿಲಿಗೆ ಅಡ್ಡಲಾಗಿ ನಿಂತರು. “ಬೀರುವಿನ ಕೀಲಿಕೈ ಕಾಣಿಸಲಿಲ್ಲ ಅಂತ ಬೀರುವನ್ನೇ ಸುಟ್ಟುಬಿಡ್ತಾರೇನ್ರೀ? ಮಗು ಸಂಜೆ ಬರ್ತಾಳೆ. ಅಲ್ಲೀವರೆಗೆ ಅದನ್ನ ಮುಟ್ಟಬೇಡಿ” ಎಂದರು. ಮಗು ಎಂದರೆ ಜಯನಗರದಲ್ಲಿರುವ ನನ್ನ ತಮ್ಮನ ಮಗಳು, ಕಂಪ್ಯೂಟರಿನ ಕೆಲಸದಲ್ಲಿರುವವಳು. ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಎಷ್ಟು ಉಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಸಂಜೆ ಬಂದ ಹುಡುಗಿಯು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ನನ್ನ ದುಃಖವನ್ನೆಲ್ಲ ಕೇಳಿ, ಒಂದೇ ಪ್ರಶ್ನೆಯನ್ನು ಹಾಕಿದಳು. “ದೊಡ್ಡಪ್ಪ, ಹೋಗಿರುವುದು ಹಾಡೋ, ಹಾಡಿನ ಪಟ್ಟಿಯೋ? ಮೊದಲು ಅದನ್ನು ನೋಡೋಣ.”

ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಈ ಮಾತನ್ನು ಕೇಳಿ ನಾಚಿಕೆಯಾಯಿತು. ವಸ್ತುವು ಕಾಣದಿರುವುದನ್ನು ನಮ್ಮ ಶಾಸ್ತ್ರಕಾರರು ಅನುಪಲಬ್ಧಿಯೆಂದು ಕರೆದು, ಅದರಿಂದ ವಸ್ತುವು ಇಲ್ಲವೆಂದು ತಿಳಿಯಬಹುದೆಂದು ಹೇಳಿರುವರು. ಆದರೆ ಒಂದು ನಿಬಂಧನೆಯನ್ನೂ ಹಾಕಿರುವರು. ವಸ್ತುವು ಅಲ್ಲಿದ್ದರೆ ಕಂಡೇ ಕಾಣುತ್ತಿದ್ದಿತು ಎಂಬಂಥ ಸನ್ನಿವೇಶವಿದ್ದಾಗ ಮಾತ್ರ ಆ ಅನುಮಾನವು ಸಲ್ಲುವುದು. ಹಗಲು ಬೆಳಕಿನಲ್ಲಿ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ದೀಪ ತರಬೇಕು. ನಾನು ದೀಪವನ್ನು ತರದೆ ಗಡಿಗೆಯ ಉತ್ತರಕ್ರಿಯೆಗೆ ಹೊರಟಿದ್ದೆನು.

ನಮ್ಮ ದೇಶದಲ್ಲಿಯೇ ಇದಕ್ಕೊಂದು ಪ್ರಸಿದ್ಧವಾದ ದೃಷ್ಟಾಂತವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಇತರ ಗ್ರಂಥಗಳಲ್ಲಿ ಹೆಸರಾಗಿ ಮಾತ್ರ ಉಳಿದು, ಮೂಲವು ನಷ್ಟವಾಯಿತೆಂದೇ ವಿದ್ವಾಂಸರು ಎಣಿಸಿದ್ದರು. 1905ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಏನೆಂಬುದನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ ಪ್ರಕಟಿಸಿದರು. ಗ್ರಂಥವು ನಾಶವಾಗಿರಲಿಲ್ಲ, ಲೋಕದ ಸೂಚಿಯಲ್ಲಿ ಅದರ ಹೆಸರಿನ ಮುಂದೆ ಇಂಥ ಸ್ಥಳದಲ್ಲಿದೆ ಎಂಬ ಬರೆಹವಿರಲಿಲ್ಲ, ಅಷ್ಟೆ.

ಫೋನಿನಲ್ಲಿಯೂ ಹೀಗೆಯೇ. ಹಾಡಿನ ಆಪಿನೊಳಗೆ ಹಾಡುಗಳಿರುವುದಿಲ್ಲ. ಅವು ಫೋನಿನ ಅಥವಾ ಮೆಮೊರಿ ಕಾರ್ಡಿನ ಫೋಲ್ಡರುಗಳಲ್ಲಿರುತ್ತವೆ. ಆಂಡ್ರಾಯ್ಡ್ ಫೋನು ಈ ಫೋಲ್ಡರುಗಳನ್ನು ಆಗಾಗ ಸುತ್ತಿ ನೋಡಿ, ಯಾವ ಹಾಡು ಎಲ್ಲಿದೆ, ಹಾಡಿದವರಾರು, ಎಷ್ಟು ನಿಮಿಷದ್ದು ಎಂದು ಒಂದು ಸೂಚಿಯನ್ನು ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಮೀಡಿಯಾ ಸ್ಟೋರ್ ಎಂದು ಹೆಸರು. ಹಾಡಿನ ಆಪು ಪುಸ್ತಕಭಂಡಾರದ ಮೇಜಿನಲ್ಲಿ ಕುಳಿತ ಗುಮಾಸ್ತನಂತೆ ಆ ಸೂಚಿಯನ್ನು ನೋಡಿ ನಮಗೆ ಪಟ್ಟಿಯನ್ನು ತೋರಿಸುತ್ತದೆ. ಗುಮಾಸ್ತನ ಕೈಯಿಂದ ಸೂಚಿಯನ್ನು ಕಸಿದುಕೊಂಡರೆ ಅವನು ಪುಸ್ತಕಗಳೇ ಇಲ್ಲವೆನ್ನುತ್ತಾನೆ. ಅದನ್ನು ನಂಬಿ ಭಂಡಾರಕ್ಕೆ ಬೆಂಕಿಯಿಡಬಾರದು.

ಆದುದರಿಂದ ಮೊದಲನೆಯ ಕೆಲಸವು ಗುಮಾಸ್ತನನ್ನು ಬಿಟ್ಟು ನಾವೇ ಭಂಡಾರದೊಳಕ್ಕೆ ಹೋಗಿ ನೋಡುವುದು. ಫೋನಿನಲ್ಲಿ ಫೈಲ್ಸ್ ಅಥವಾ ಫೈಲ್ ಮ್ಯಾನೇಜರ್ ಎಂಬ ಆಪು ಇರುತ್ತದೆ. ಹುಡುಗಿಯು ಅದನ್ನು ತೆರೆದು, ಮೆಮೊರಿ ಕಾರ್ಡಿನ ‘ಮ್ಯೂಸಿಕ್’ ಎಂಬ ಫೋಲ್ಡರನ್ನು ತೋರಿಸಿದಳು. 1,200 ಹಾಡುಗಳೂ ಮಳೆಗಾಲದಲ್ಲಿ ಹೊದೆದು ಮಲಗಿದ ಮಕ್ಕಳಂತೆ ಸಾಲಾಗಿದ್ದುವು. ನನಗೆ ಹೋದ ಉಸಿರು ಬಂದಿತು.

ಹಾಗಾದರೆ ಇದ್ದುದು ಏಕೆ ಕಾಣಲಿಲ್ಲ? ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಏಳನೆಯ ಕಾರಿಕೆಯು ಇದ್ದ ವಸ್ತುವು ಕಾಣದಿರಲು ಎಂಟು ಕಾರಣಗಳನ್ನು ಎಣಿಸುತ್ತದೆ. ಅವುಗಳಲ್ಲಿ ಐದು ಫೋನಿಗೆ ಆಶ್ಚರ್ಯವಾಗುವಷ್ಟು ಹೊಂದಿಕೊಳ್ಳುತ್ತವೆ. ವಾಚಕರು ಈ ಕ್ರಮದಲ್ಲಿಯೇ ಪರೀಕ್ಷಿಸಬಹುದು.

ಮೊದಲನೆಯದು ಇಂದ್ರಿಯಘಾತ, ಎಂದರೆ ನೋಡುವ ಕಣ್ಣಿಗೇ ತೊಡಕು. ಹಾಡಿನ ಆಪು ನಮ್ಮ ಹಾಡುಗಳನ್ನು ನೋಡಬೇಕಾದರೆ ನಾವು ಅನುಮತಿಯನ್ನು ಕೊಡಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ಸಂಗೀತಕ್ಕೆ, ಚಿತ್ರಗಳಿಗೆ ಬೇರೆ ಬೇರೆ ಅನುಮತಿಗಳಾಗಿವೆ. 2020ರ ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ತೆರೆಯದೆ ಬಿಟ್ಟ ಆಪಿನ ಅನುಮತಿಯನ್ನು ಫೋನು ತಾನಾಗಿಯೇ ಹಿಂದಕ್ಕೆ ತೆಗೆದುಕೊಳ್ಳುವ ಏರ್ಪಾಡೂ ಇದೆ. ಕಂಡಕಂಡ ಆಪುಗಳು ನಮ್ಮ ಮನೆಯನ್ನೆಲ್ಲ ಇಣಿಕಿ ನೋಡದಿರಲೆಂದು ಮಾಡಿದ ಒಳ್ಳೆಯ ಕಾವಲೇ ಅದು. ನನ್ನ ಸಂಗತಿಯಲ್ಲಿ ನಡೆದುದೂ ಇದೇ. ಬೆಳಗ್ಗೆ ಬಂದ ಪ್ರಶ್ನೆಯು ಜಾಹೀರಾತಲ್ಲ. ಹಾಡುಗಳನ್ನು ನೋಡಲು ಅನುಮತಿಯುಂಟೇ ಎಂದು ಕೇಳಿದುದು. ನಾನು ಎರಡು ಸಲವೂ ಇಲ್ಲವೆಂದು, ಆಪಿನ ಕಣ್ಣಿಗೆ ಬಟ್ಟೆ ಕಟ್ಟಿ, ನಿನಗೇಕೆ ಕಾಣಿಸದೆಂದು ಗದರಿಸುತ್ತಿದ್ದೆನು. ಸೆಟ್ಟಿಂಗ್ಸಿನಲ್ಲಿ ಆಪ್ಸ್ ಎಂಬಲ್ಲಿಗೆ ಹೋಗಿ, ಹಾಡಿನ ಆಪಿನ ಹೆಸರನ್ನು ಒತ್ತಿ, ಪರ್ಮಿಷನ್ಸ್ ಎಂಬಲ್ಲಿ ಸಂಗೀತದ ಅನುಮತಿಯನ್ನು ಕೊಟ್ಟರೆ ಮುಗಿಯಿತು.

ಎರಡನೆಯದು ವ್ಯವಧಾನ, ನಡುವೆ ಗೋಡೆ ಬಂದಿರುವುದು. ಯಾವುದಾದರೂ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘.ನೋಮೀಡಿಯಾ’ ಎಂಬ ಹೆಸರಿನ ಬರಿದಾದ ಫೈಲೊಂದು ಇದ್ದರೆ, ಸೂಚಿಕಾರನು ಅದರ ಒಳಹೊಗದೆ ಹಿಂದಿರುಗುತ್ತಾನೆ. ಕೆಲವು ವೇಳೆ ಫೋಲ್ಡರೇ ಸ್ಥಳ ಬದಲಾಯಿಸುವುದೂ ಉಂಟು. ಆಂಡ್ರಾಯ್ಡ್ 11ರ ನಿಯಮಗಳ ತರುವಾಯ ವಾಟ್ಸಾಪಿನ ಫೋಲ್ಡರು ಹೊರಗಿನಿಂದ ‘ಆಂಡ್ರಾಯ್ಡ್’ ಎಂಬುದರೊಳಗಿನ ‘ಮೀಡಿಯಾ’ ಎಂಬ ಕೋಣೆಗೆ ಸಾಗಿಹೋಯಿತು. ನೆಂಟರು ಕಳುಹಿಸಿದ ಹಾಡುಗಳನ್ನು ಹಳೆಯ ಜಾಗದಲ್ಲಿ ಹುಡುಕಿ ನಿರಾಶರಾದವರು ಅಲ್ಲಿ ನೋಡಬೇಕು. ಮೆಮೊರಿ ಕಾರ್ಡೇ ಕಾಣದಿದ್ದರೆ, ಫೋನನ್ನು ಆರಿಸಿ, ಕಾರ್ಡನ್ನು ಹೊರತೆಗೆದು ಒಣಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ ನೋಡುವುದು. ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು ಫೋನು ಕೇಳಿದರೆ ಮಾತ್ರ ಒಪ್ಪಲಾಗದು. ಫಾರ್ಮ್ಯಾಟ್ ಎಂದರೆ ಸ್ಲೇಟನ್ನು ಒರೆಸುವುದೆಂದು ಅರ್ಥ. ಅಂಥ ಕಾರ್ಡನ್ನು ಮೊದಲು ಕಂಪ್ಯೂಟರಿಗೆ ಹಾಕಿ, ಇದ್ದುದನ್ನು ನಕಲು ಮಾಡಿಕೊಳ್ಳತಕ್ಕದ್ದು.

ಮೂರನೆಯದು ಅತಿದೂರ. ಕೆಲವರ ಹಾಡುಗಳು ಫೋನಿನಲ್ಲಿ ಎಂದೂ ಇದ್ದುವಲ್ಲ. ದೂರದ ಕಂಪ್ಯೂಟರುಗಳಲ್ಲಿದ್ದು ಇಂಟರ್ನೆಟ್ಟಿನ ಮೂಲಕ ಕೇಳಿಬರುತ್ತಿದ್ದುವು. ಬೇರೆ ಖಾತೆಯಿಂದ ಒಳಗೆ ಹೋದರೆ, ಅಥವಾ ಚಂದಾ ಮುಗಿದರೆ, ಅವು ಕಾಣುವುದಿಲ್ಲ. ಐಫೋನು ಉಳ್ಳವರು ಸೆಟ್ಟಿಂಗ್ಸಿನಲ್ಲಿ ಮ್ಯೂಸಿಕ್ ಎಂಬುದರ ಕೆಳಗೆ ‘ಸಿಂಕ್ ಲೈಬ್ರರಿ’ ಎಂಬುದು ಆರಿಹೋಗಿದೆಯೇ, ತಮ್ಮ ಹಳೆಯ ಆಪಲ್ ಖಾತೆಯಲ್ಲಿಯೇ ಇರುವರೇ ಎಂದು ನೋಡತಕ್ಕದ್ದು. ದೂರದ ಭಂಡಾರಗಳು ಮುಚ್ಚುವುದೂ ಉಂಟು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಯಲ್ಲಿ ಮುಚ್ಚಿತು. ಹಾಡುಗಳನ್ನು ಯೂಟ್ಯೂಬ್ ಮ್ಯೂಸಿಕ್ಕಿಗೆ ಸಾಗಿಸಿಕೊಳ್ಳಲು 2021ರ ಫೆಬ್ರವರಿಯವರೆಗೆ ಅವಕಾಶವಿದ್ದಿತು.

ನಾಲ್ಕನೆಯದು ಮನಸ್ಸು ನೆಟ್ಟಗಿಲ್ಲದಿರುವುದು. ಡೌನ್‌ಲೋಡ್ ಆದುವನ್ನು ಮಾತ್ರ ತೋರಿಸು, ಒಂದು ನಿಮಿಷಕ್ಕಿಂತ ಚಿಕ್ಕವನ್ನು ಬಿಟ್ಟುಬಿಡು ಎಂಬಂಥ ಅಡಕಗಳು ಆಪಿನಲ್ಲಿ ಇರುತ್ತವೆ. ಕೈ ತಗಲಿ ಅವು ಒತ್ತಿಹೋಗಿದ್ದರೆ ಪಟ್ಟಿಯು ಕುಗ್ಗುತ್ತದೆ. ಐದನೆಯದು ಸಮಾನಾಭಿಹಾರ, ಒಂದೇ ರೂಪದವುಗಳಲ್ಲಿ ಕಲೆತುಹೋಗುವುದು. ಹೆಸರಿಡದ ಹಾಡುಗಳೆಲ್ಲ ‘ಅಜ್ಞಾತ ಕಲಾವಿದ’ ಎಂಬ ಒಂದೇ ರಾಶಿಯಲ್ಲಿ ಬೀಳುತ್ತವೆ. ನಮ್ಮ ತಾಯಿಯವರ ಹಾಡುಗಳಿಗೂ ನಾನು ಹೆಸರು ಬರೆದಿರಲಿಲ್ಲ. ತಾರೀಖಿನ ಅಂಕೆಗಳು ಮಾತ್ರ ಇದ್ದುವು.

ಹುಡುಗಿಯು ಅನುಮತಿಯನ್ನು ಕೊಟ್ಟೊಡನೆ ಪಟ್ಟಿಯು ಕ್ಷಣಾರ್ಧದಲ್ಲಿ ತುಂಬಿಕೊಂಡಿತು. ಆಪನ್ನು ತೆಗೆದುಹಾಕಿದುದರಿಂದ ನಾನು ಕೈಯಾರೆ ಜೋಡಿಸಿಕೊಂಡಿದ್ದ ಪ್ರಾತಃಕಾಲದ ಸರಣಿ ಮುಂತಾದುವು ಹೋಗಿದ್ದುವು, ಅಷ್ಟೆ. ಅಂಗಡಿಯ ಹುಡುಗನು ಹೇಳಿದಂತೆ ರೀಸೆಟ್ ಮಾಡಿಸಿದ್ದರೆ ಫೋನಿನ ಒಳಗಿದ್ದುದೆಲ್ಲ ಅಳಿಸಿಹೋಗುತ್ತಿದ್ದಿತೆಂದು ಅವಳು ತಿಳಿಸಿದಳು. ತಾಯಿಯವರ ಹಾಡುಗಳು ಕಾರ್ಡಿನಲ್ಲಲ್ಲ, ಫೋನಿನ ಒಳಗೇ, ‘ರೆಕಾರ್ಡಿಂಗ್ಸ್’ ಎಂಬ ಫೋಲ್ಡರಿನಲ್ಲಿದ್ದುವು. ಎಣಿಸಿದೆವು. ಮೂವತ್ತೈದು ಇದ್ದುವು.

ಮತ್ತೆ ಎಣಿಸಿದೆವು. ಮೂವತ್ತೈದೇ ಇದ್ದುವು.

ಉಳಿದ ಏಳು, ಧ್ವನಿಯು ಸ್ವಚ್ಛವಾಗಿ ಬರುವುದೆಂದು ಯಾರೋ ಹೇಳಿದ್ದರಿಂದ ಆ ಮತ್ತೊಂದು ಆಪಿನಲ್ಲಿ ಹಿಡಿದುವು. ಹುಡುಗಿಯು ಬಹಳ ಹೊತ್ತು ಹುಡುಕಿ, ಕಡೆಗೆ ಮೆಲ್ಲಗೆ, “ದೊಡ್ಡಪ್ಪ, ಆ ಆಪನ್ನು ನೀವು ತೆಗೆದುಹಾಕಿದಿರಾ?” ಎಂದು ಕೇಳಿದಳು. ಹೌದೆಂದೆನು. ಆಗ ಅವಳು ಹೇಳಿದ ನಿಯಮವನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಕೆಲವು ಆಪುಗಳು ತಾವು ಹಿಡಿದುದನ್ನು ಎಲ್ಲರಿಗೂ ಸೇರಿದ ಫೋಲ್ಡರುಗಳಲ್ಲಿ ಇಡದೆ, ಫೋನು ತಮಗಾಗಿ ಕೊಟ್ಟಿರುವ ಖಾಸಗಿ ಕೋಣೆಯಲ್ಲಿ ಇಟ್ಟುಕೊಳ್ಳುತ್ತವೆ. ಅಂಥ ಆಪನ್ನು ತೆಗೆದುಹಾಕಿದರೆ ಆ ಕೋಣೆಯೂ ಅದರಲ್ಲಿದ್ದುದೂ ಜೊತೆಯಲ್ಲಿಯೇ ಹೋಗುತ್ತವೆ. ಆಪನ್ನು ಮತ್ತೆ ಹಾಕಿಕೊಂಡರೆ ಹೊಸ ಕೋಣೆ ಬರುತ್ತದೆ. ಹಳೆಯ ಸಾಮಾನು ಬರುವುದಿಲ್ಲ. ಮೆಮೊರಿ ಕಾರ್ಡಿನಿಂದ ಅಳಿಸಿದುದನ್ನಾದರೆ, ಅದರ ಮೇಲೆ ಹೊಸದನ್ನೇನೂ ಬರೆಯದೆ ಒಡನೆಯೇ ಹೊರತೆಗೆದರೆ, ಕಂಪ್ಯೂಟರಿನ ಸಹಾಯದಿಂದ ಕೆಲವು ವೇಳೆ ಹಿಂದಕ್ಕೆ ಪಡೆಯಬಹುದು. ಈಗಿನ ಫೋನುಗಳ ಒಳಗಿನದು ಗೂಢಲಿಪಿಯಲ್ಲಿರುವುದರಿಂದ, ಅಲ್ಲಿಂದ ಅಳಿದುದನ್ನು ಪಡೆಯುವುದು ಪ್ರಾಯಶಃ ಅಸಾಧ್ಯ.

ಅಪ್‌ಡೇಟಿನಿಂದ ನಮಗೆ ಒಂದು ಹಾಡೂ ನಷ್ಟವಾಗಲಿಲ್ಲ. ನಷ್ಟವಾದ ಏಳೂ ನನ್ನ ಆತುರದಿಂದ ನಷ್ಟವಾದುವು. ತರ್ಕಶಾಸ್ತ್ರದಲ್ಲಿ ಇದ್ದುದು ನಾಶವಾಗಿ ಇಲ್ಲವಾಗುವುದಕ್ಕೆ ಪ್ರಧ್ವಂಸಾಭಾವವೆಂದು ಹೆಸರು. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂಬುದು ಅದರ ಲಕ್ಷಣ. ಒಡೆದ ಗಡಿಗೆಯ ಉದಾಹರಣೆಯನ್ನು ಕೊಟ್ಟು ನಾನು ಇದನ್ನು ಎಷ್ಟು ಸಲ ಪಾಠ ಹೇಳಿದ್ದೆನೋ! ಅದರ ಅರ್ಥವು ನನಗೆ ತಿಳಿದುದು ಆ ಸಂಜೆ.

ದೊಡ್ಡವರಿಗೂ ಹೀಗಾಗುವುದುಂಟು. ಮೈಸ್ಪೇಸ್ ಎಂಬ ಅಮೆರಿಕದ ತಾಣದಲ್ಲಿ ಲಕ್ಷಾಂತರ ಗಾಯಕರು ತಮ್ಮ ಹಾಡುಗಳನ್ನು ಇಟ್ಟಿದ್ದರು. ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವಾಗ, 2015ರವರೆಗೆ ಸುಮಾರು ಹನ್ನೆರಡು ವರ್ಷಗಳಲ್ಲಿ ಸೇರಿದ್ದ ಸಂಗೀತವು ನಷ್ಟವಾಯಿತೆಂದು 2019ರಲ್ಲಿ ಹೊರಬಿದ್ದಿತು. ಅಷ್ಟರಲ್ಲಿ ಸುಮಾರು 4,90,000 ಹಾಡುಗಳು ಮಾತ್ರ ಇಂಟರ್ನೆಟ್ ಆರ್ಕೈವಿನ ಮೂಲಕ ಲೋಕಕ್ಕೆ ಮತ್ತೆ ದೊರೆತುವು. ಅವು ಹೇಗೆ ಉಳಿದುವು? ಯಾರೋ ವಿದ್ವಾಂಸರು ಅಧ್ಯಯನಕ್ಕಾಗಿ ಹಿಂದೆ ನಕಲು ಮಾಡಿಟ್ಟುಕೊಂಡಿದ್ದರು. ಒಡೆಯನು ಕಾಪಾಡದುದನ್ನು ನಕಲು ಮಾಡಿಕೊಂಡವನು ಕಾಪಾಡಿದನು.

ನಮ್ಮ ಮನೆಯಲ್ಲಿಯೂ ಅದೇ ನಡೆಯಿತು. ಮರುದಿನ ಶಿವಮೊಗ್ಗದಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ಸಂಗತಿಯನ್ನು ತಿಳಿಸಿದೆನು. ಹಿಂದೆ ಎಂದೋ ಒಂದೆರಡು ಹಾಡುಗಳನ್ನು ಅವಳಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದೆನು. ನನ್ನ ಫೋನಿನಲ್ಲಿ ಸ್ಥಳ ಸಾಲದೆಂದು ಆ ಹಳೆಯ ಪತ್ರವ್ಯವಹಾರವನ್ನೆಲ್ಲ ಅಳಿಸಿಹಾಕಿದ್ದೆನು. ಅವಳು ಅಳಿಸಿರಲಿಲ್ಲ. “ಅಮ್ಮನ ದನಿ ಅಲ್ವೇನೋ ಅಣ್ಣ, ಹ್ಯಾಗೆ ಅಳಿಸ್ಲಿ?” ಎಂದಳು. ಏಳರಲ್ಲಿ ಎರಡು, ಒಂದು ತೊಟ್ಟಿಲ ಹಾಡು, ಒಂದು ಆರತಿಯ ಹಾಡು, ಹೀಗೆ ಶಿವಮೊಗ್ಗದಿಂದ ಮನೆಗೆ ಹಿಂದಿರುಗಿದುವು.

ಉಳಿದುವು ಐದು. ಅವು ಯಾವುವೆಂದು ಅವಳು ಕೇಳಿದಳು. ನನಗೆ ನೆನಪಿದ್ದಷ್ಟು ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳು ಫೋನಿನಲ್ಲಿಯೇ ಹಾಡತೊಡಗಿದಳು. ಮದುವೆಗೆ ಮೊದಲು ಅಮ್ಮನ ಪಕ್ಕದಲ್ಲಿ ಕುಳಿತು ಕಲಿತ ಹಾಡುಗಳು. ನಲವತ್ತು ವರ್ಷ ಅವಳು ಹಾಡಿದುದನ್ನು ನಾನು ಕೇಳಿರಲಿಲ್ಲ. ಮೂರು ಹಾಡುಗಳು ಆದಿಯಿಂದ ಅಂತ್ಯದವರೆಗೆ ಅವಳಿಗೆ ಬರುತ್ತಿದ್ದುವು. ಇನ್ನೆರಡರ ಪಲ್ಲವಿಯು ಮಾತ್ರ ನಮ್ಮಿಬ್ಬರ ನೆನಪಿನಲ್ಲಿರುವುದು, ಮುಂದಿನದು ಬಾರದು. ಅವಳ ದನಿಯು ಅಮ್ಮನ ದನಿಯಲ್ಲ. ಆದರೆ ಎರಡನೆಯ ನುಡಿಯಲ್ಲಿ ಉಸಿರು ಸಾಲದೆ ಅಮ್ಮ ನಿಲ್ಲುತ್ತಿದ್ದ ಸ್ಥಳದಲ್ಲಿಯೇ ಅವಳೂ ನಿಂತಳು. ಅದು ಉಸಿರಿನ ಕೊರತೆಯೆಂದು ನಾನು ತಿಳಿದಿದ್ದೆನು. ಹಾಡಿನ ಮಟ್ಟೇ ಹಾಗೆಂದು ಅಂದು ತಿಳಿಯಿತು.

ಈ ಅನುಭವದಿಂದ ನಾನು ಕಲಿತುದನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಹಾಡುಗಳು ಕಾಣದೆ ಹೋದ ದಿನ, ಮೊದಲು ಏನನ್ನೂ ತೆಗೆದುಹಾಕದಿರುವುದು. ಆಪನ್ನಾಗಲಿ, ಫೋಲ್ಡರನ್ನಾಗಲಿ ಮುಟ್ಟದಿರುವುದು. ರೀಸೆಟ್, ಫಾರ್ಮ್ಯಾಟ್ ಎಂಬ ಎರಡು ಶಬ್ದಗಳ ಹತ್ತಿರಕ್ಕೆ ಹೋಗದಿರುವುದು. ಎರಡನೆಯದಾಗಿ, ಕನ್ನಡಕ ಹಾಕಿಕೊಂಡು ಫೈಲ್ಸ್ ಆಪನ್ನು ತೆರೆದು, ಹಾಡುಗಳು ಇರುವುವೇ ಎಂದು ನೋಡುವುದು. ಕೆಲವು ಫೋನುಗಳಲ್ಲಿ ಅಳಿಸಿದುದನ್ನು ಕೆಲವು ದಿನ ಇಟ್ಟುಕೊಳ್ಳುವ ಕಸದ ಬುಟ್ಟಿಯೂ ಇರುತ್ತದೆ, ಅದನ್ನೂ ನೋಡುವುದು. ಇದ್ದರೆ, ಬೇರೇನನ್ನು ಮಾಡುವುದಕ್ಕೂ ಮುಂಚೆ ಕಂಪ್ಯೂಟರಿಗೆ ನಕಲು ಮಾಡುವುದು. ಮೂರನೆಯದಾಗಿ, ಮೇಲೆ ಹೇಳಿದ ಐದು ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಅನುಮತಿಯಿಂದ ಆರಂಭಿಸಿದರೆ ಬಹುಮಂದಿಯ ಕೆಲಸವು ಅಲ್ಲಿಗೇ ಮುಗಿಯಬಹುದು.

ಅಪ್‌ಡೇಟನ್ನೇ ಮಾಡದೆ ಬಿಡುವುದು ಪರಿಹಾರವಲ್ಲ. ಕಳ್ಳರು ನುಗ್ಗುವ ಸಂದುಗಳನ್ನು ಮುಚ್ಚುವುದು ಆ ಅಪ್‌ಡೇಟುಗಳೇ. ಅದಕ್ಕೆ ಮೊದಲು ನಕಲು ಮಾಡಿಕೊಳ್ಳುವುದೇ ಪರಿಹಾರ. ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಐದು ನಿಮಿಷದ ಹಾಡು ಸಾಧಾರಣ ಗುಣದ ಎಂ.ಪಿ. 3 ರೂಪದಲ್ಲಿ ಸುಮಾರು 5 ಎಂ.ಬಿ. ಆಗುತ್ತದೆ. 32 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಅಂಥವು ಆರು ಸಾವಿರದಷ್ಟು ಹಿಡಿಯುತ್ತವೆ. ನಮ್ಮ ತಾಯಿಯವರ ಹಾಡುಗಳೆಲ್ಲಕ್ಕೂ ಅದರ ಒಂದು ಮೂಲೆಯೇ ಸಾಕು. ಇಷ್ಟು ಅಲ್ಪ ಸ್ಥಳಕ್ಕೆ ನಾನು ಮೂರು ವರ್ಷ ಆಲಸ್ಯ ಮಾಡಿದೆನು.

ಈಗ ಉಳಿದ 37 ಹಾಡುಗಳಿಗೂ ತಂಗಿಯು ಹಾಡಿದ ಮೂರಕ್ಕೂ ಹೆಸರು, ಊರು, ಹಾಡಿದವರು, ಹಾಡುವ ಸಂದರ್ಭ ಇವುಗಳನ್ನು ಬರೆದು, ಮೂರು ಪ್ರತಿಗಳನ್ನು ಮಾಡಿದ್ದೇವೆ. ಒಂದು ನಮ್ಮ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ ಬೀರುವಿನೊಳಗೆ, ಒಂದು ಶಿವಮೊಗ್ಗದಲ್ಲಿ. ನಾಲ್ಕನೆಯ ಪ್ರತಿಯ ಕೆಲಸವೂ ಆರಂಭವಾಗಿದೆ. ತಮ್ಮನ ಮಗಳು ಭಾನುವಾರಗಳಲ್ಲಿ ಅತ್ತೆಗೆ ಫೋನು ಮಾಡಿ ಆ ಮೂರು ಹಾಡುಗಳನ್ನು ಕಲಿಯುತ್ತಿದ್ದಾಳೆ. ಎರಡನೆಯ ನುಡಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ಅವಳಿಗೆ ಇನ್ನೂ ಹತ್ತಿಲ್ಲ.

ವಾಚಕರ ಮನೆಗಳಲ್ಲಿಯೂ ಇಂಥ ದನಿಗಳು ಫೋನಿನೊಳಗೆ ಹೆಸರಿಲ್ಲದೆ ಬಿದ್ದಿರಬಹುದು. ಈ ಪತ್ರಿಕೆಯನ್ನು ಕೆಳಗಿಟ್ಟೊಡನೆ ಅವು ಎಲ್ಲಿರುವುವೆಂದು ನೋಡಿ, ಒಂದು ಪ್ರತಿಯನ್ನು ತೆಗೆದು, ಹೆಸರು ಬರೆದು, ಬೇರೊಂದು ಮನೆಯಲ್ಲಿರುವ ಒಡಹುಟ್ಟಿದವರಿಗೆ ಕಳುಹಿಸಿಕೊಡಬೇಕಾಗಿ ವಿಜ್ಞಾಪನೆ. ಹಾಡುವವರು ಇನ್ನೂ ಮನೆಯಲ್ಲಿಯೇ ಇದ್ದರೆ, ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವುದು ಅದಕ್ಕಿಂತಲೂ ಮೊದಲಿನ ಕೆಲಸ. ಮುಂದಿನ ಸಂಚಿಕೆಯಲ್ಲಿ ಹಳೆಯ ಕ್ಯಾಸೆಟ್ಟುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮವನ್ನು ಬರೆಯುತ್ತೇನೆ.